ಮಗ್ಗು ನೀವೇ ತೊಳೀಬೇಕು

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋದರೆ ಅಲ್ಲಿನ ಮ್ಯುಲ್ನ್ ಬಡಾವಣೆಯ ಆಗಸ್ಟಿನರ್ ಬಿಯರ್ ಹಾಲ್ ತಪ್ಪಿಸಬೇಡಿ. 1621ರಲ್ಲಿ ಸನ್ಯಾಸಿಗಳು ಶುರು ಮಾಡಿದ ಜಾಗ. ಬೆಳಿಗ್ಗೆ ಹೋಗಬೇಡಿ, ಬಾಗಿಲು ತೆರೆಯೋದೇ ಮಧ್ಯಾಹ್ನ.

ನಾನು ಪೆದ್ದನ ಹಾಗೆ ಸುಮ್ನೆ ಕೂತು ಮಾಣಿಗೆ ಕಾಯುತ್ತಿದ್ದೆ. ಪಕ್ಕದ ಅಜ್ಜ ನಕ್ಕು ಗೂಡಿನತ್ತ ಕೈ ತೋರಿಸಿದರು. ಅಲ್ಲಿಂದ ನಮ್ಮ ಉಪ್ಪಿನಕಾಯಿ ಜಾಡಿಯಂಥ ಮಗ್ಗು ಎತ್ತಿಕೊಂಡು, ಕಾರಂಜಿಯ ತಣ್ಣೀರಲ್ಲಿ ತೊಳೆದು, ದುಡ್ಡು ಕಟ್ಟಿ ಚೀಟಿ ಕೊಟ್ಟರೆ ಮರದ ಪೀಪಾಯಿಯಿಂದ ತುಂಬಿಸಿ ಕೊಡುತ್ತಾರೆ. ಥೇಟ್ ನಮ್ಮ ದರ್ಶಿನಿ, ಅಲ್ವಾ?

ಇಲ್ಲಿ ಕೊಡುವ ಮೆರ್ಟ್ಸನ್ ಅನ್ನೋ ಬಗೆಯ ಬಿಯರ್‌ಗೆ ಕಹಿ ಕಮ್ಮಿ. ಜಾಡಿ ಮಣ್ಣಿನ ಮಗ್ಗಾದ್ದರಿಂದ ತಂಪು ಬೇಗ ಹೋಗಲ್ಲ. ಒಂದು ಲೀಟರ್ ತಗೊಂಡಿದ್ದು ನನ್ನ ದುರಾಸೆ. ಅರ್ಧವೇ ಜಾಸ್ತಿ! ಜೊತೆಗೆ ಸುರುಳಿಯಾಗಿ ಹೆಚ್ಚಿದ ಮೂಲಂಗಿ, ಮೇಲೆ ಉಪ್ಪು. ನನ್ನಂಥ ಸಸ್ಯಾಹಾರಿಗೆ ಅದೇ ಹಬ್ಬ.