ಮುಂಡಗೋಡದ ಟಿಬೆಟನ್ನರಿಗೆ: ಆರ್‌ಸಿ ಸಾಕಾ, ಪಾಸ್‌ಪೋರ್ಟ್ ಬೇಕಾ?

ಶಿರಸಿ ಪಕ್ಕದ ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಈ ಪ್ರಶ್ನೆ ಹಳೆಯದು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರಿಗೆ ಮಾತ್ರ ಈ ಹೋಲಿಕೆ.

ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ ಇಟ್ಟುಕೊಂಡರೆ ಕಾಲೊನಿಯ ಮನೆ, ನೆರೆಹೊರೆ ಹಾಗೇ ಇರುತ್ತವೆ. ಆದರೆ ಆಗಾಗ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಹಳದಿ ಪುಸ್ತಕವೇ, ಅಂದರೆ ಪಾಸ್‌ಪೋರ್ಟ್ ಬದಲು ಭಾರತ ಸರ್ಕಾರ ಕೊಡುವ ಗುರುತಿನ ಪತ್ರವೇ ಗತಿ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಾಗಾಗಿ ಇಲ್ಲಿ ಇರಲು ಸರ್ಕಾರದ ಅನುಮತಿಯೇ ಆಧಾರ.

ಭಾರತದ ಪಾಸ್‌ಪೋರ್ಟ್ ಕಡೆ ಕಾನೂನು ಗಟ್ಟಿ. ಇವರು ಹುಟ್ಟಿನಿಂದಲೇ ಪ್ರಜೆಗಳು ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. 2017ರಲ್ಲಿ ಕೇಂದ್ರ ಕೊಕ್ಕೆ ಹಾಕಿತು: ಆರ್‌ಸಿ ಒಪ್ಪಿಸಿ, ಕಾಲೊನಿ ಬಿಡಿ, ಸೌಲಭ್ಯವನ್ನೂ ಬಿಡಿ. ಪ್ರಜೆಗೆ ಇದೆಂಥ ಷರತ್ತು, ಅಲ್ವಾ?

ಬೆಂಗಳೂರಲ್ಲಿ ನೌಕರಿ ಇರುವವರು ಪಾಸ್‌ಪೋರ್ಟ್ ಮಾಡಿಸಲಿ. ಕಾಲೊನಿಯ ಗೋವಿನಜೋಳ ನಂಬಿದವರು ಮೊದಲು ವಕೀಲರನ್ನು ಕೇಳಲಿ.