ಮಗುವಿನ ಸಂಗೀತ ಪಾಠ: ಮಡಿಕೇರಿಗೆ ಹೋಗೋದಾ, ಆನ್‌ಲೈನಾ?

ನಾಪೋಕ್ಲಿನಿಂದ ಮಡಿಕೇರಿಗೆ ವಾರಕ್ಕೆರಡು ಸಲ ಓಡಾಡಿದ್ದೇವೆ. ಒಂದು ಮಳೆಗಾಲ ಪೂರ್ತಿ ಆನ್‌ಲೈನ್ ಪಾಠವನ್ನೂ ನೋಡಿದ್ದೇವೆ.

ಶುರುವಿಗೆ ಎದುರು ಕೂತು ಕಲಿಯುವುದೇ ವಾಸಿ. ಸರಳೆ ವರಸೆ, ಜಂಟಿ ವರಸೆ ಅನ್ನುವ ಮೊದಲ ಸ್ವರಪಾಠಗಳನ್ನು ಟೀಚರ್ ಜೊತೆ ದನಿ ಸೇರಿಸಿ ಹಾಡಬೇಕು. ಆನ್‌ಲೈನಲ್ಲಿ ದನಿ ಸ್ವಲ್ಪ ತಡವಾಗಿ ತಲುಪುತ್ತದೆ, ಒಟ್ಟಿಗೆ ಹಾಡಲು ಆಗುವುದಿಲ್ಲ. ಮಗಳು ಆದಿತಾಳದ 8 ಎಣಿಕೆ ಸರಿಯಾಗೇ ಹಾಕುತ್ತಿದ್ದಳು. ಆ ಕಡೆಯಿಂದ ಮಾತ್ರ "ತಾಳ ತಪ್ಪಿತು ಪುಟ್ಟಿ" ಅಂತ ಬರುತ್ತಿತ್ತು! ಪಿಟೀಲಾದರೆ ಇನ್ನೂ ಕಷ್ಟ. ಕಮಾನು ಹಿಡಿದ ಬೆರಳನ್ನು ಕೈಯಿಂದಲೇ ತಿದ್ದಬೇಕು ಅಲ್ವಾ?

ಆನ್‌ಲೈನಿನ ಲಾಭ ಜುಲೈಯಲ್ಲಿ ಗೊತ್ತಾಗುತ್ತದೆ. ರಸ್ತೆಗೆ ಮರ ಬಿದ್ದರೂ ಪಾಠ ನಿಲ್ಲುವುದಿಲ್ಲ. (ಕರೆಂಟು, ನೆಟ್‌ವರ್ಕ್ ಇದ್ದರೆ ಅನ್ನಿ.) ಪಾಠ ರೆಕಾರ್ಡ್ ಮಾಡಿಕೊಂಡರೆ ಮರುದಿನದ ಅಭ್ಯಾಸ ಸುಲಭ. ಖರ್ಚೂ ಕಡಿಮೆ, ಬಸ್ಸಿಗೆ ಕಾಯುವ ಗೋಳಿಲ್ಲ.

ಅಭ್ಯಾಸ ಮಾತ್ರ ಎರಡರಲ್ಲೂ ನಮ್ಮ ತಲೆಗೇ. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನಾ 20 ನಿಮಿಷ ಜಾಸ್ತಿ ಕೆಲಸ ಮಾಡಿತು. ನನಗೆ ಸ್ವರ ತಿಳಿಯದು. ಸುಮ್ನೆ ಪಕ್ಕದಲ್ಲಿ ಕೂತು ಕಾಫಿಬೀಜ ಆರಿಸುತ್ತಿದ್ದೆ, ಅಷ್ಟೇ ಸಾಕಾಯಿತು.

ಸಂಗೀತದ ಜೂನಿಯರ್ ಪರೀಕ್ಷೆ ಕಟ್ಟಿಸುವುದಾದರೆ ಕೊನೆಯ ಮೂರು ತಿಂಗಳಾದರೂ ಎದುರು ಪಾಠ ಇರಲಿ. ಹಾಡಿದರಷ್ಟೇ ಸಾಲದು, ಥಿಯರಿಯನ್ನೂ ಬರೆಯಬೇಕು. ಥಿಯರಿಗೆ ಆನ್‌ಲೈನ್ ಧಾರಾಳ ಸಾಕು. ನಾವೀಗ ಮಳೆಗಾಲದಲ್ಲಿ ಫೋನು, ಅಕ್ಟೋಬರ್‌ನಿಂದ ಬಸ್ಸು.