ಅರ್ಮೇನಿಯದ ಮೂರು ಕೈಕೆಲಸ: ಡಿಸೈನ್ ಕಲಿಯೋಕೆ ಯಾವುದು ಮೊದಲು?

ರಾಜಧಾನಿ ಯೆರೆವಾನ್‌ನಲ್ಲಿ ಸೂಜಿ ಲೇಸ್, ಗಂಟಿನ ಕಾರ್ಪೆಟ್, ಮರಾಶ್ ಕಸೂತಿ ಮೂರನ್ನೂ ಕೈಯಾರೆ ಮಾಡಿ ನೋಡಿದೆ. ಟೆಕ್ಸ್‌ಟೈಲ್ ಡಿಸೈನ್ ಕಲಿಯುವವರು ಮರಾಶ್‌ನಿಂದಲೇ ಶುರು ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಸೂಜಿ ಲೇಸಿಗೆ ಖರ್ಚೇ ಇಲ್ಲ. ಸೂಜಿ, ದಾರ ಇದ್ದರೆ ಸಾಕು, ಬಟ್ಟೆಯೂ ಬೇಡ. ನಡುವಿನ ಉಂಗುರದಿಂದ ಸುತ್ತು ಸುತ್ತಾಗಿ ಬೆಳೆಯುತ್ತದೆ. ಪ್ರತಿ ಕುಣಿಕೆಗೂ ಗಂಟು ಬೀಳುವುದರಿಂದ ಒಂದು ಕಡೆ ಹರಿದರೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಆದರೆ ಕುಣಿಕೆಗಳು ಒಂದೇ ಅಳತೆಗೆ ಬರಲು ಕೈ ತುಂಬಾ ಪಳಗಬೇಕು. ಅಲ್ಲಿವರೆಗೆ ಡಿಸೈನ್ ಬಗ್ಗೆ ಯೋಚಿಸಲು ಪುರುಸೊತ್ತೇ ಸಿಗುವುದಿಲ್ಲ.

ಬಣ್ಣ ಕಲಿಯಲು ಕಾರ್ಪೆಟ್ಟೇ ಸರಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎರಡು ಹಾಸಿನ ಎಳೆಗಳಿಗೆ ಉಣ್ಣೆ ಸುತ್ತಿ, ನಡುವಿನಿಂದ ಎಳೆದು, ಚಾಕುವಿನಿಂದ ಕತ್ತರಿಸಬೇಕು. ಅಗಲಕ್ಕೂ ಎತ್ತರಕ್ಕೂ ಗಂಟಿನ ಲೆಕ್ಕ ಒಂದೇ ಇರದಿದ್ದರೆ, ಗ್ರಾಫ್ ಹಾಳೆಯಲ್ಲಿ ಸರಿಯಾಗಿದ್ದ ನಕ್ಷತ್ರ ಮಗ್ಗದ ಮೇಲೆ ಚಪ್ಪಟೆಯಾಗುತ್ತದೆ, ಇಲ್ಲವೇ ಉದ್ದವಾಗುತ್ತದೆ. ಮೊದಲು ಚಿಕ್ಕ ತುಂಡು ನೇಯ್ದು ನೋಡುವುದು ಅದಕ್ಕೇ. ಇಲ್ಲಿನ ಹಳೆಯ ಕೆಂಪು ಬಣ್ಣಗಳಂತೂ ನನಗೆ ಪ್ರಾಣ. ಒಂದು ಮಂಜಿಷ್ಠದ ಜಾತಿಯ ಬೇರಿನದು. ಇನ್ನೊಂದು ವೊರ್ದಾನ್ ಕರ್ಮಿರ್ ಎಂಬ ಹುಳುವಿನದು. ಅರಾರತ್ ಬಯಲಿನ ಉಪ್ಪು ನೆಲದಲ್ಲಿ, ಹುಲ್ಲಿನ ಬೇರಿನ ಮೇಲೆ ಅದು ಬದುಕುತ್ತದೆ. ಆದರೆ ಕಾರ್ಪೆಟ್ಟಿಗೆ ಮಗ್ಗ ಬೇಕು, ಜಾಗ ಬೇಕು. ಒಂದು ಬಣ್ಣ ಬದಲಿಸಿ ನೋಡೋಣ ಅಂದರೂ ದಿನಗಟ್ಟಲೆ ಕಾಯಬೇಕು.

ಮರಾಶ್ ಊರು ಈಗ ಟರ್ಕಿಯಲ್ಲಿದೆ. 1915ರ ಅರ್ಮೇನಿಯನ್ನರ ನರಮೇಧ ಮತ್ತು ಆಮೇಲಿನ ವರ್ಷಗಳಲ್ಲಿ ಬದುಕುಳಿದವರು ಈ ಹೊಲಿಗೆಯನ್ನು ಸಿರಿಯಾದ ಅಲೆಪ್ಪೊ, ಲೆಬನಾನ್‌ನ ಬೈರುತ್‌ಗಳಿಗೆ ಜೊತೆಗೆ ಕೊಂಡೊಯ್ದರು. ಇದರಲ್ಲಿ ಕೆಲಸ ಎರಡು ಹಂತ. ಮೊದಲು ಬಟ್ಟೆಯ ಮೇಲೆ ಉದ್ದುದ್ದ ಹೊಲಿಗೆ ಹಾಕಿ ಶಿಲುಬೆ ಆಕಾರದ ಚೌಕಟ್ಟು ಕಟ್ಟಬೇಕು. ಎರಡನೇ ಎಳೆ ಬಟ್ಟೆಯನ್ನು ಚುಚ್ಚುವುದೇ ಇಲ್ಲ. ಚೌಕಟ್ಟಿನ ಎಳೆಗಳ ಮೇಲೊಮ್ಮೆ ಕೆಳಗೊಮ್ಮೆ ನುಸುಳಿ, ಇಡೀ ಶಿಲುಬೆಯನ್ನು ಸುತ್ತಿ, ಹೊರಟ ಜಾಗಕ್ಕೇ ಬಂದು ಮುಟ್ಟುತ್ತದೆ. ಚೌಕಟ್ಟಿನಲ್ಲಿ ಮೇಲೆ ಹೋಗಬೇಕಾದ ಒಂದು ಎಳೆ ಕೆಳಗೆ ಹೋಗಿದ್ದರೂ ಹೆಣಿಗೆ ಆ ಮೂಲೆಯಲ್ಲಿ ನಿಂತುಬಿಡುತ್ತದೆ. ಹಾಗಾಗಿ ಸೂಜಿ ಹಿಡಿಯುವ ಮೊದಲೇ ಎಳೆಯ ದಾರಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಡಿಸೈನರ್ ಕಲಿಯಬೇಕಾದ ಅಭ್ಯಾಸ ಇದೇ ಅಲ್ವಾ?

ನಮ್ಮಲ್ಲಿ ಬ್ಲೌಸ್ ಮೇಲೆ ಹಾಕುವ ಕಚ್ ವರ್ಕ್‌ನ ಹೆಣೆಯುವ ಹೊಲಿಗೆಯೂ ಇದೇ ಜಾತಿಯದು. ಅದು ಗೊತ್ತಿದ್ದವರ ಕೈ ಬೇಗ ಕುದುರುತ್ತದೆ. ಚೌಕಟ್ಟಿಗೊಂದು ಬಣ್ಣ, ಹೆಣಿಗೆಗೊಂದು ಬಣ್ಣ ತಗೊಳ್ಳಿ. ಎಳೆ ಎಲ್ಲಿ ಮೇಲೆ, ಎಲ್ಲಿ ಕೆಳಗೆ ಅಂತ ಕಣ್ಣಿಗೆ ಕಾಣುತ್ತದೆ. ಎರಡನೇ ಹಂತಕ್ಕೆ ಮೊಂಡು ತುದಿಯ ಸೂಜಿ ಇರಲಿ, ಚೂಪಾದದ್ದು ಕೆಳಗಿನ ಎಳೆಯನ್ನು ಸೀಳುತ್ತದೆ. ಅಂಗೈಯಗಲದ ಬಟ್ಟೆ ಸಾಕು. ಬಣ್ಣದ ಜೋಡಿ ಹಿಡಿಸಲಿಲ್ಲವಾ, ಪಕ್ಕದಲ್ಲೇ ಬೇರೆ ಬಣ್ಣದಲ್ಲಿ ಇನ್ನೊಂದು ಶಿಲುಬೆ ಹಾಕಿ ಎರಡನ್ನೂ ಒಟ್ಟಿಗೆ ನೋಡಬಹುದು. ಹೀಗೆ ನಾಲ್ಕಾರು ಜೋಡಿ ಕೂಡಿಸಿ ನೋಡಿದ ಮೇಲೆ ಕಾರ್ಪೆಟ್ಟಿನ ಗ್ರಾಫ್‌ಗೆ ಕೈ ಹಾಕಿ. ಅಲ್ಲಿವರೆಗೆ ಮಗ್ಗ ಕೊಳ್ಳಬೇಡಿ.